ಚಾರ್ಮಾಡಿ ಏರಿನಲ್ಲಿ ಕೇಳಿದ ಸದ್ದು

ಉಜಿರೆ ದಾಟುತ್ತಿದ್ದಂತೆ ನಮ್ಮ ಹಳೆಯ ಜೀಪಿನ ಹಿಂಬದಿಯಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ವೇಗ ಹೆಚ್ಚಿದಂತೆ ಅದೂ ಏರುತ್ತಿತ್ತು; ಗೇರ್ ಬದಲಿಸಿದರೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಅಂದಮೇಲೆ ಎಂಜಿನ್ನಿನದಲ್ಲ. "ಕ್ರೌನ್ ಹೋಯ್ತು ಮಾರಾಯ, ಖರ್ಚು ದೊಡ್ಡದು" ಎಂದರು ಓಡಿಸುತ್ತಿದ್ದ ಭಾವ. ನನಗೇಕೋ ಹಾಗನಿಸಲಿಲ್ಲ.

ಹಿಂದಿನ ಆಕ್ಸಲ್ ಪರೀಕ್ಷಿಸಲು ಚಾರ್ಮಾಡಿ ಘಾಟಿಗಿಂತ ಒಳ್ಳೆಯ ಜಾಗ ಬೇಕೆ? ಆಕ್ಸಿಲರೇಟರ್ ಒತ್ತಿದಾಗ ಕ್ರೌನ್, ಪಿನಿಯನ್ ಹಲ್ಲುಗಳ ಒಂದು ಮಗ್ಗುಲಿಗೆ ಭಾರ ಬೀಳುತ್ತದೆ, ಕಾಲು ತೆಗೆದರೆ ಇನ್ನೊಂದು ಮಗ್ಗುಲಿಗೆ. ಹಲ್ಲು ಸವೆದಿದ್ದರೆ ಆಗ ಸ್ವರ ಬದಲಾಗುತ್ತದೆ. ನಮ್ಮದು ಬದಲಾಗಲಿಲ್ಲ. ಒತ್ತಿ ಬಿಡುವಾಗ ಠಣ್ ಎಂಬ ಏಟೂ ಇರಲಿಲ್ಲವಾದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮೇಲಿನ ಅನುಮಾನವೂ ಹೋಯಿತು. ಆದರೆ ಪ್ರತಿ ಬಲ ತಿರುವಿನಲ್ಲೂ ಸದ್ದು ದಪ್ಪವಾಗುತ್ತಿತ್ತು, ಎಡ ತಿರುವಿನಲ್ಲಿ ತೆಳುವಾಗುತ್ತಿತ್ತು. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಕ್ಕೆ ವಾಲುತ್ತದಲ್ಲ! ಎಡ ಹಿಂಚಕ್ರದ ಬೇರಿಂಗ್ ಎಂದೆ. ಭಾವ ಒಪ್ಪಲಿಲ್ಲ.

ಅಣ್ಣಪ್ಪಸ್ವಾಮಿ ಗುಡಿಯೆದುರು ಎಲ್ಲ ಚಾಲಕರಂತೆ ನಾವೂ ನಿಂತು ಕೈಮುಗಿದೆವು. ಮಂಜು ಕಣಿವೆಯನ್ನು ಮುಚ್ಚಿತ್ತು. ಹಿಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಎಡಗಡೆಯ ಕಾವು ಬೇರೆಯೇ ಇತ್ತು. ಟೈರಿನ ಒಳಮೈಯಲ್ಲಿ ಜಿಡ್ಡು. ಬೆರಳಲ್ಲಿ ಉಜ್ಜಿ ಮೂಸಿದರೆ ಗಂಧಕದ ವಾಸನೆ. ಅದು ಬ್ರೇಕ್ ಆಯಿಲ್ ಅಲ್ಲ, ಆಕ್ಸಲ್ ಹೌಸಿಂಗಿನ ಗೇರ್ ಆಯಿಲ್. ಬ್ರೇಕ್ ಲೈನರಿಗೂ ಅದು ಮೆತ್ತಿಕೊಂಡಿದ್ದರೆ ಇಳಿಜಾರು ಅಪಾಯ. ಹಿಂದಿರುಗುವ ಯೋಚನೆ ಬಿಟ್ಟು ನಿಧಾನವಾಗಿ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆ ಸೇರಿದೆವು.

ಅಲ್ಲಿನ ಮೆಕ್ಯಾನಿಕ್ ನಮ್ಮಿಬ್ಬರ ವಾದ ಕೇಳಿ, "ಮೊದ್ಲು ಜಾಕಿ ಕೊಡಾಣ ಸಾರ್" ಎಂದ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಲೊಟಲೊಟ ಆಡಿತು. ತಾನು ಚಕ್ರ ತಿರುಗಿಸುತ್ತ, ಆಕ್ಸಲ್ ಕೊಳವೆಯ ಮೇಲೆ ನನ್ನ ಕೈ ಇಡಿಸಿದ. ಒಳಗಿನ ಗರಗರ ಅಂಗೈಗೆ ನೇರವಾಗಿ ತಾಗಿತು. ಬಲಗಡೆ ಅದೇನೂ ಇಲ್ಲ. ಇಳಿಸಿದ ಗೇರ್ ಆಯಿಲಿನಲ್ಲಿ ಕಬ್ಬಿಣದ ಚೂರುಗಳೂ ಸಿಗಲಿಲ್ಲ, ಕ್ರೌನ್ ಉಳಿದಿತ್ತು.

ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಮೇಲೆ. ಬೇರಿಂಗ್ ಬದಲಿಸಿ ಅಲ್ಲಿಗೇ ಬಿಡದೆ, ಹೌಸಿಂಗ್ ಮೇಲಿನ ಪುಟ್ಟ ಬ್ರೀದರ್ ಬಿಚ್ಚಿ ತೋರಿಸಿದ. ಕೆಸರು ಗಟ್ಟಿಯಾಗಿ ರಂಧ್ರ ಮುಚ್ಚಿತ್ತು. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಎಣ್ಣೆಯನ್ನು ಸೀಲಿನ ಸಂದಿಯಿಂದ ನೂಕುತ್ತದೆ. "ಸೀಲ್ ಒಂದೇ ಹಾಕಿ ಕಳಿಸಿದ್ರೆ ಮಳೆಗಾಲದೊಳಗೆ ವಾಪಸ್ ಬರ್ತೀರಿ" ಎನ್ನುತ್ತ ಅದನ್ನು ತೊಳೆದು ಊದಿ ಕೂರಿಸಿದ. ಲೈನರುಗಳನ್ನು ಎರಡೂ ಬದಿಗೆ ಹೊಸದಾಗಿಯೇ ಹಾಕಿದ, ಒಂದೇ ಬದಿಗೆ ಹಾಕಿದರೆ ಬ್ರೇಕ್ ಪಕ್ಕಕ್ಕೆ ಎಳೆಯುತ್ತದೆಂದು.