ಎರಡನೆಯ ಸರದಿ

"ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣು" ಎಂಬುದು ನಮ್ಮ ಹಿರಿಯರ ಮಾತು. ಮೊಳಕೆಯನ್ನು ಕಂಡೇ ಬೆಳೆಯ ಗತಿಯನ್ನು ಹೇಳಬಹುದೆಂಬ ನಂಬಿಕೆ ಅದರ ಹಿಂದಿದೆ. ರೈತನ ಬಾಯಲ್ಲಿ ಈ ಮಾತಿಗೆ ತೂಕವಿದೆ. ಏಕೆಂದರೆ ಅವನು ಮೊಳಕೆಯನ್ನು ನೋಡಿ ಸುಮ್ಮನೆ ಮನೆಗೆ ಹೋಗುವುದಿಲ್ಲ; ನೀರು ಹಾಯಿಸುತ್ತಾನೆ, ಕಳೆ ಕೀಳುತ್ತಾನೆ, ಮಳೆ ಕೈಕೊಟ್ಟರೆ ತಾನೂ ನಷ್ಟ ಅನುಭವಿಸುತ್ತಾನೆ. ಆದರೆ ಬದುವಿನ ಮೇಲೆ ನಿಂತು ನೋಡಿ ಮುಂದೆ ಹೋಗುವವನ ಬಾಯಲ್ಲಿ ಅದೇ ಮಾತು ಬರಿಯ ತೀರ್ಪಾಗಿಬಿಡುತ್ತದೆ. ನಾವು ಎಳೆಯರನ್ನು ಅಳೆಯುವಾಗ ರೈತನಂತೆ ಮಾತನಾಡುತ್ತೇವೆಯೋ ದಾರಿಹೋಕನಂತೆ ಮಾತನಾಡುತ್ತೇವೆಯೋ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಈ ಪ್ರಶ್ನೆ ನನ್ನ ಮನಸ್ಸನ್ನು ಹೊಕ್ಕದ್ದು ಕ್ರಿಕೆಟ್ ಆಟದ ಮೂಲಕ. 2025ರ ಫೆಬ್ರವರಿ 13ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ರಜತ್ ಪಾಟೀದಾರ್ ಅವರನ್ನು ನಾಯಕನನ್ನಾಗಿ ಘೋಷಿಸಿತು. ಅಂದಿನಿಂದ ಲಗ್ಗೆರೆಯ ಚಹಾ ಅಂಗಡಿಗಳಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೊರಡುವವರ ನಡುವೆ, ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಡಿಯಂಗಳದಲ್ಲಿ ಗುಂಪುಗೂಡುವ ಯುವಕರಲ್ಲಿ ಒಂದೇ ಚರ್ಚೆ. ಈತನಿಂದ ಆದೀತೇ? ವಿರಾಟ್ ಕೊಹ್ಲಿಯಂಥವರು ತಂಡದಲ್ಲಿರುವಾಗ ಈತನೇಕೆ?

ಆಕ್ಷೇಪಿಸುವವರ ಬಳಿ ಪುರಾವೆಯಿತ್ತು. ಪಾಟೀದಾರ್ ಐಪಿಎಲ್ ತಂಡವೊಂದನ್ನು ಅಲ್ಲಿಯವರೆಗೆ ಮುನ್ನಡೆಸಿದವರಲ್ಲ. 2024ರಲ್ಲಿ ಇಂಗ್ಲೆಂಡ್ ವಿರುದ್ಧ ಮೂರು ಟೆಸ್ಟ್ ಪಂದ್ಯಗಳ ಅವಕಾಶ ದೊರೆತಾಗ ಆರು ಸರದಿಗಳಲ್ಲಿ ಗಳಿಸಿದ್ದು ಕೇವಲ 63 ಓಟ. ಜೊತೆಗೆ ಮಿತಭಾಷಿ, ಮೈದಾನದಲ್ಲಿ ಕೂಗಾಡುವ ಸ್ವಭಾವದವರಲ್ಲ. ಪರವಾಗಿ ಮಾತನಾಡುವವರ ಬಳಿಯೂ ಪುರಾವೆಗೆ ಕೊರತೆಯಿರಲಿಲ್ಲ. 2022ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಆಟಗಾರನೊಬ್ಬನ ಬದಲಿಯಾಗಿ ಬಂದವರು, ಅದೇ ಮೇ 25ರಂದು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಲಖನೌ ವಿರುದ್ಧ 54 ಚೆಂಡುಗಳಲ್ಲಿ ಅಜೇಯ 112 ಓಟ ಗಳಿಸಿ ತಂಡವನ್ನು ಉಳಿಸಿದರು. ಮರು ತಿಂಗಳು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈಯನ್ನು ಸೋಲಿಸಿ ಮಧ್ಯಪ್ರದೇಶ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ ಅವರದು 122 ಓಟಗಳ ಶತಕ. ಮರುವರ್ಷದ ಐಪಿಎಲ್ ಅನ್ನು ಹಿಮ್ಮಡಿಯ ಗಾಯದಿಂದ ಪೂರ್ತಿಯಾಗಿ ಕಳೆದುಕೊಂಡರು. ಮತ್ತೆ ಬಂದರು. 2024ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ನಾಯಕರಾಗಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಅಂತಿಮ ಪಂದ್ಯದವರೆಗೆ ತಂಡವನ್ನು ಕರೆತಂದು, ಸೋತ ಆ ಪಂದ್ಯದಲ್ಲಿಯೂ 40 ಚೆಂಡುಗಳಲ್ಲಿ ಅಜೇಯ 81 ಓಟ ಗಳಿಸಿದರು.

ಒಂದೇ ಮನುಷ್ಯ, ಎರಡು ಬಗೆಯ ಲೆಕ್ಕ. ಯಾರು ಹೇಳಿದ್ದೂ ಸುಳ್ಳಲ್ಲ. ಆದರೂ ಎರಡು ಗುಂಪಿನವರೂ ಒಂದು ಸಂಗತಿಯನ್ನು ಮರೆತಿದ್ದರು: ಇನ್ನೂ ನಡೆಯದ ಪಂದ್ಯದ ಫಲಿತಾಂಶ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಋತು ಆರಂಭವಾದ ಮೇಲೆ ಚರ್ಚೆ ಇನ್ನೂ ಸ್ವಾರಸ್ಯಕರವಾಯಿತು. ತಂಡ ಹೊರ ಊರುಗಳಲ್ಲಿ ಗೆಲ್ಲುತ್ತಿತ್ತು. 2008ರ ನಂತರ ಮೊದಲ ಬಾರಿಗೆ ಚೆನ್ನೈನ ಚೆಪಾಕ್‌ನಲ್ಲಿಯೂ ಗೆದ್ದಿತು. ಆದರೆ ತವರಿನಲ್ಲಿ ಸಾಲಾಗಿ ಮೂರು ಪಂದ್ಯಗಳನ್ನು ಸೋತಿತು. ಮೂರನೆಯ ಸೋಲು ಪಂಜಾಬ್ ವಿರುದ್ಧ, ಏಪ್ರಿಲ್ 18ರ ಶುಭ ಶುಕ್ರವಾರದ ರಾತ್ರಿ. ಅದೇ ಪಂಜಾಬನ್ನು ಅವರ ನೆಲದಲ್ಲೇ ಏಳು ವಿಕೆಟ್‌ಗಳಿಂದ ಸೋಲಿಸಿದ್ದು ಏಪ್ರಿಲ್ 20ರ ಪುನರುತ್ಥಾನದ ಭಾನುವಾರ! ಇದರಲ್ಲಿ ದೈವಸಂಕಲ್ಪ ಕಂಡ ಉತ್ಸಾಹಿ ಯುವಕರೂ ನಮ್ಮಲ್ಲಿದ್ದರು. ಪ್ರಭುವಿನ ಪುನರುತ್ಥಾನವನ್ನು ಪಂದ್ಯದ ಅಂಕಪಟ್ಟಿಗೆ ಕಟ್ಟಿಹಾಕಬೇಡಿ ಎಂದು ಅವರಿಗೆ ನಗುತ್ತಲೇ ಹೇಳಬೇಕಾಯಿತು.

ಆ ವಾರ ಲಗ್ಗೆರೆಯಲ್ಲಿ ಮನೆಗಳ ಆಶೀರ್ವಾದಕ್ಕೆ ಹೋದಾಗ ಒಂದು ಮನೆಯಲ್ಲಿ ಇದೇ ಮಾತು ಎದ್ದಿತು. ಮನೆಯ ಯಜಮಾನರು ಇಪ್ಪತ್ತು ವರ್ಷಗಳಿಂದ ಪೀಣ್ಯದ ಯಂತ್ರಾಗಾರವೊಂದರಲ್ಲಿ ದುಡಿಯುತ್ತಿರುವವರು. ಪಾಟೀದಾರ್ ಅವರ ಕಟ್ಟಾ ಸಮರ್ಥಕರು. "ಹತ್ತು ಪಂದ್ಯವಾದರೂ ನೋಡದೆ ಒಬ್ಬ ಹುಡುಗನನ್ನು ತೀರ್ಮಾನ ಮಾಡಬಾರದು, ಫಾದರ್. ಸೋತು ಸೋತೇ ಅವನು ಕಲಿಯಬೇಕು" ಎಂದರು. ಮಾತು ಎಷ್ಟು ವಿವೇಕಯುತವಾಗಿತ್ತೆಂದರೆ ನಾನು ತಲೆದೂಗಿದೆ. ಅಷ್ಟರಲ್ಲಿ ಅವರ ಮಗ ಕಾಫಿಯ ಲೋಟಗಳನ್ನು ಹಿಡಿದು ಬಂದ. ದ್ವಿತೀಯ ಪಿಯುಸಿಯ ಫಲಿತಾಂಶ ಬಂದು ಎರಡು ವಾರವಾಗಿತ್ತು. ಅವನು ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ತಂದೆ ಅದೇ ಉಸಿರಿನಲ್ಲಿ, "ಇವನ ಕಥೆ ಇಷ್ಟೇ, ಫಾದರ್. ಎರಡನೆಯ ಪರೀಕ್ಷೆ ಬರೆಯುತ್ತಾನಂತೆ. ದುಡ್ಡು ದಂಡ" ಎಂದರು. ಹುಡುಗ ತಲೆಯೆತ್ತಲಿಲ್ಲ. ಬಾಗಿಲ ಬಳಿ ನಿಂತಿದ್ದ ತಾಯಿ ಮೆಲ್ಲನೆ ಹೇಳಿದರು: "ಇವನಿಗೆ ಒಂದೇ ಪಂದ್ಯವಾಗಿದೆ."

ಕೋಣೆ ಸ್ವಲ್ಪ ಹೊತ್ತು ಮೌನವಾಯಿತು. ಆ ತಂದೆ ಕಠಿಣ ಹೃದಯದವರಲ್ಲ. ಮಗನಿಗಾಗಿಯೇ ಹೆಚ್ಚುವರಿ ಪಾಳಿ ದುಡಿಯುವವರು. ಅವರ ಮಾತಿನ ಹಿಂದೆ ಇದ್ದದ್ದು ಭಯ. ದೂರದ ಆಟಗಾರನ ವಿಷಯದಲ್ಲಿ ತಾಳ್ಮೆ ಸುಲಭ, ಏಕೆಂದರೆ ಅವನ ಸೋಲಿನಿಂದ ನಮ್ಮ ಮನೆಯ ಬಾಡಿಗೆ ನಿಲ್ಲುವುದಿಲ್ಲ. ಹತ್ತಿರದವನ ಸೋಲು ನಮ್ಮನ್ನೂ ತಟ್ಟುತ್ತದೆ; ಆದ್ದರಿಂದ ಬೇಗ ತೀರ್ಪು ಕೊಟ್ಟು ನೋವಿನಿಂದ ಪಾರಾಗಲು ನೋಡುತ್ತೇವೆ. ನಮ್ಮ ಅನೇಕ ಕುಟುಂಬಗಳಲ್ಲಿ ನಡೆಯುವುದು ಇದೇ.

ಧರ್ಮಸಭೆಯ ಮೊದಲ ತಲೆಮಾರಿನಲ್ಲಿಯೂ ಒಬ್ಬ ಎಳೆಯನ ಕುರಿತು ಇಂಥದೇ ವಾಗ್ವಾದ ನಡೆದಿತ್ತು. ಪ್ರೇಷಿತರ ಕಾರ್ಯಕಲಾಪಗಳ 13 ಮತ್ತು 15ನೇ ಅಧ್ಯಾಯಗಳಲ್ಲಿ ಅದರ ವೃತ್ತಾಂತವಿದೆ. ಮಾರ್ಕನೆಂದು ಕರೆಯಲ್ಪಡುತ್ತಿದ್ದ ಯೊವಾನ್ನನು ಪೌಲ ಮತ್ತು ಬಾರ್ನಬರ ಮೊದಲ ಸುವಾರ್ತಾ ಯಾತ್ರೆಯಲ್ಲಿ ಸಹಾಯಕನಾಗಿ ಹೊರಟ. ಸೈಪ್ರಸ್ ದ್ವೀಪವನ್ನು ದಾಟಿ ಪಂಫೀಲಿಯದ ಪೆರ್ಗಕ್ಕೆ ಬರುತ್ತಿದ್ದಂತೆಯೇ ಅವರನ್ನು ಬಿಟ್ಟು ಜೆರುಸಲೇಮಿಗೆ ಹಿಂದಿರುಗಿದ. ಭಯವೋ, ಅನಾರೋಗ್ಯವೋ, ಮನೆಯ ನೆನಪೋ. ಗ್ರಂಥಕರ್ತ ಕಾರಣ ತಿಳಿಸುವುದಿಲ್ಲ. ಎರಡನೆಯ ಯಾತ್ರೆಯ ಸಿದ್ಧತೆ ನಡೆದಾಗ ಬಾರ್ನಬನು ಮಾರ್ಕನನ್ನು ಮತ್ತೆ ಕರೆದೊಯ್ಯಲು ಬಯಸಿದ. ಪೌಲ ಒಪ್ಪಲಿಲ್ಲ. ವಾದ ತೀವ್ರವಾಗಿ ಇಬ್ಬರೂ ಅಗಲಿದರು. ಪೌಲ ಸೀಲನೊಡನೆ ಸಿರಿಯದ ದಾರಿ ಹಿಡಿದ. ಬಾರ್ನಬ ಮಾರ್ಕನೊಡನೆ ಸೈಪ್ರಸ್ಸಿಗೆ ಹಡಗು ಹತ್ತಿದ.

ಇಲ್ಲಿ ಪೌಲನನ್ನು ಸುಲಭವಾಗಿ ದೂರುವಂತಿಲ್ಲ. ಕಲ್ಲೆಸೆತ, ಸೆರೆಮನೆ, ಹಡಗಿನ ಅಪಘಾತಗಳನ್ನು ಎದುರಿಸಬೇಕಾದ ಹಾದಿಯಲ್ಲಿ ನಡುದಾರಿಯಲ್ಲಿ ಕೈಬಿಡುವವನನ್ನು ನೆಚ್ಚುವುದು ಹೇಗೆ? ಅವನ ಬಳಿಯೂ ಪುರಾವೆಯಿತ್ತು. ಬಾರ್ನಬನ ಮೇಲೆ ಪಕ್ಷಪಾತದ ಆರೋಪ ಹೊರಿಸಲೂ ಆಸ್ಪದವುಂಟು. ಮಾರ್ಕನು ಅವನ ದಾಯಾದಿಯೆಂದು ಪೌಲನೇ ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾನೆ. ಆದರೆ ಬಾರ್ನಬನ ಹಿಂದಿನ ನಡತೆಯನ್ನು ನೆನೆಯಬೇಕು. ಹಿಂಸಕನಾಗಿದ್ದ ಸೌಲ ಮನಪರಿವರ್ತನೆಗೊಂಡು ಜೆರುಸಲೇಮಿಗೆ ಬಂದಾಗ ಎಲ್ಲರೂ ಅವನನ್ನು ಕಂಡು ಅಂಜಿದ್ದರು. ಆಗ ಅವನ ಕೈ ಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವನು ಇದೇ ಬಾರ್ನಬ. ಸೌಲ ಅವನ ದಾಯಾದಿಯಾಗಿರಲಿಲ್ಲ. ಅಂದು ಪೌಲನಿಗೆ ದೊರೆತದ್ದನ್ನೇ ಈಗ ಮಾರ್ಕನಿಗೂ ಕೊಡಲು ಅವನು ಮುಂದಾದ.

ಬಾರ್ನಬನು ಮಾರ್ಕನ ಪರವಾಗಿ ಏನೆಂದು ವಾದಿಸಿದನೆಂಬುದು ನಮಗೆ ದಾಖಲಾಗಿ ಬಂದಿಲ್ಲ. ದಾಖಲಾಗಿರುವುದು ಅವನು ಮಾಡಿದ ಕೆಲಸ ಮಾತ್ರ: ಅವನನ್ನು ಜೊತೆಗೆ ಕರೆದುಕೊಂಡು ಹೋದ. ಅಭಿಮಾನಿಗೂ ಜೊತೆಗಾರನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅಭಿಮಾನಿಯ ತೀರ್ಪು ತಪ್ಪಾದರೆ ಅವನಿಗೇನೂ ನಷ್ಟವಿಲ್ಲ. ಮರುದಿನ ಹೊಸ ತೀರ್ಪು ಕೊಡುತ್ತಾನೆ. ಜೊತೆಗಾರನು ತನ್ನ ಹೆಸರನ್ನೂ ಸಮಯವನ್ನೂ ಪಣವಾಗಿಡುತ್ತಾನೆ. ಪಾಟೀದಾರ್ ಅವರ ವಿಷಯದಲ್ಲಿಯೂ ನಿರ್ಣಾಯಕವಾದದ್ದು ಚರ್ಚೆಯಲ್ಲ. ಗಾಯದ ನಂತರವೂ ಅವರನ್ನು ಉಳಿಸಿಕೊಂಡು, ಆಡಿಸಿ, ತವರಿನ ಮೂರು ಸೋಲುಗಳ ನಡುವೆಯೂ ಬೆನ್ನಿಗೆ ನಿಂತವರಿದ್ದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಆರು ಓಟಗಳಿಂದ ಗೆದ್ದು, ಹದಿನೆಂಟನೆಯ ಋತುವಿನಲ್ಲಿ ಬೆಂಗಳೂರು ತಂಡ ಮೊದಲ ಬಾರಿಗೆ ಕಪ್ ಎತ್ತಿತು. ಆ ಋತುವಿನಲ್ಲಿ ನಾಯಕರ ಸ್ವಂತ ಗಳಿಕೆ 312 ಓಟ, ಕೊಹ್ಲಿಯವರದು 657. ತಾನು ಹೆಚ್ಚು ಮಿಂಚದೆ ಇತರರು ಮಿಂಚಲು ಎಡೆ ಮಾಡಿಕೊಡುವುದೂ ನಾಯಕತ್ವವೇ ಎಂಬುದು ಫೆಬ್ರವರಿಯ ಚರ್ಚೆಯಲ್ಲಿ ಯಾರ ತಕ್ಕಡಿಗೂ ಬಿದ್ದಿರಲಿಲ್ಲ.

ಆ ಗೆಲುವಿನ ಮರುದಿನವನ್ನು ನೆನೆಯದೆ ಮುಂದೆ ಹೋಗಲಾಗದು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಬಹುತೇಕರು ಎಳೆಯ ವಯಸ್ಸಿನವರು. ಅವರು ಮಾಡಿದ್ದು ತಾವು ಪ್ರೀತಿಸಿದವರನ್ನು ನೋಡಲು ಬಂದದ್ದು ಮಾತ್ರ. ಅವರಲ್ಲಿ ಪ್ರತಿಯೊಬ್ಬರೂ ಯಾವುದೋ ಮನೆಯಲ್ಲಿ ಇನ್ನೂ ಬೆಳೆಯುತ್ತಿದ್ದ ಮೊಳಕೆ. ಅವರಿಗೆ ಎರಡನೆಯ ಸರದಿ ದೊರೆಯಲಿಲ್ಲ. ಆ ಮನೆಗಳ ಎದುರು ನಿಂತರೆ, ಜೀವಂತವಾಗಿ ನಮ್ಮ ಕಣ್ಣೆದುರಿಗಿರುವ ಮಗನನ್ನೋ ಮಗಳನ್ನೋ "ಇವರ ಕಥೆ ಇಷ್ಟೇ" ಎನ್ನಲು ಯಾವ ತಂದೆತಾಯಿಗೆ ಮನಸ್ಸು ಬಂದೀತು?

2024 ಮತ್ತು 2025ರಲ್ಲಿ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶವಿತ್ತು. ಪರೀಕ್ಷಾ ಮಂಡಳಿಯೇ ಒಂದಕ್ಕಿಂತ ಹೆಚ್ಚು ಸರದಿ ಕೊಡುವಾಗ ಮನೆಯವರು ಒಂದಕ್ಕೇ ಆಟ ಮುಗಿಸುವುದು ತರವಲ್ಲ. ತಪ್ಪನ್ನು ತಪ್ಪೆನ್ನಬಾರದೆಂದು ಇದರ ಅರ್ಥವಲ್ಲ. ಗಣಿತದಲ್ಲಿ ಹಿಂದಿದ್ದಾನೆ, ಬೆಳಿಗ್ಗೆ ಏಳುವುದಿಲ್ಲ, ಮೊಬೈಲಿನಲ್ಲಿ ಮುಳುಗುತ್ತಾನೆ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ಹೇಳಿದವರೇ ಸಂಜೆ ಅರ್ಧ ಗಂಟೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಲೂಬೇಕು. ಲಗ್ಗೆರೆಯ ಆ ಹುಡುಗ ಎರಡನೆಯ ಪರೀಕ್ಷೆ ಬರೆದ. ಪರೀಕ್ಷಾ ಕೇಂದ್ರದವರೆಗೆ ತಂದೆಯೇ ಸ್ಕೂಟರಿನಲ್ಲಿ ಕರೆದೊಯ್ದರೆಂದು ಆಮೇಲೆ ತಿಳಿಯಿತು. ಅವನ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರೂ ಅವನನ್ನು ಮತ್ತೆ ಅಂಕಗಳಿಂದಲೇ ಅಳೆದಾರು.

ಮಾರ್ಕನ ಕಥೆಗೆ ಇನ್ನೂ ಒಂದು ಪುಟವಿದೆ. ವರ್ಷಗಳು ಕಳೆದ ಮೇಲೆ, ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಸೆರೆಯಲ್ಲಿದ್ದ ಪೌಲನು ಮಾರ್ಕನನ್ನು ಕರೆತರುವಂತೆ ಕೇಳಿಕೊಳ್ಳುತ್ತಾನೆ. ತನ್ನ ಸೇವೆಗೆ ಅವನು ಉಪಯುಕ್ತನೆನ್ನುತ್ತಾನೆ. ಹಿಂದೆ ಬೇಡವೆಂದವನೇ ಈಗ ಬೇಕೆಂದ. ಎರಡನೆಯ ಶುಭಸಂದೇಶವನ್ನು ನಾವು ಓದುವುದು ಅದೇ ಮಾರ್ಕನ ಹೆಸರಿನಲ್ಲಿ. ಬಾರ್ನಬನ ಹೆಸರಿನ ಶುಭಸಂದೇಶ ನಮ್ಮ ಬೈಬಲಿನಲ್ಲಿ ಇಲ್ಲ. ಅವನು ಬಿಟ್ಟುಹೋದದ್ದು ಸೈಪ್ರಸ್ಸಿಗೆ ಹೊರಟ ಹಡಗಿನಲ್ಲಿ ತನ್ನ ಪಕ್ಕದಲ್ಲಿ ಒಬ್ಬ ಸೋತ ಯುವಕನಿಗೆ ಕೊಟ್ಟ ಜಾಗವನ್ನು. ಪ್ರಿಯ ಓದುಗರೇ, ನಮ್ಮ ನಿಮ್ಮ ಮನೆಗಳಲ್ಲಿಯೂ ಅಂಥ ಒಂದು ಜಾಗ ಖಾಲಿಯಿರಲಿ.