ಎನ್‌ಎಸ್‌ಸಿ ಗೋಡೆ, ಆರ್‌ಡಿ ಮಾಳಿಗೆ

ಮೊನ್ನೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಚಿಮ್ಮನಚೋಡ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. ಹೆಸರು ಕೇಳಿಲ್ಲ ಅಂದ್ರೆ ಬೇಜಾರೇನಿಲ್ಲ, ಬೆಂಗಳೂರಿಗೆ ಬಂದಾಗಿನಿಂದ ವಿಳಾಸ ಬಿಡಿಸಿ ಹೇಳಿ ಅಭ್ಯಾಸವಾಗಿದೆ :)

ಹೋದದ್ದು ಒಂದು ಕೋಣೆ ನೋಡಲಿಕ್ಕೆ. ನಮ್ಮ ಮನೆಯ ಮೂರನೇ ಕೋಣೆ. 2002ರಲ್ಲಿ ಬುನಾದಿ ಬಿದ್ದ ಕೋಣೆಗೆ ಕೊನೆಗೂ ಮಾಳಿಗೆ ಬಂದಿತ್ತು. ಇಪ್ಪತ್ತಮೂರು ವರ್ಷ! ಒಂದು ಕೋಣೆಗೆ ಇಷ್ಟು ಕಾಲ ಯಾಕೆ ಬೇಕಾಯ್ತು ಅನ್ನೋದನ್ನು ಹೇಳಬೇಕು ಅಂದ್ರೆ ಅಪ್ಪನ ಟ್ರಂಕಿನಿಂದಲೇ ಶುರು ಮಾಡಬೇಕು.

ಅಪ್ಪ ದರ್ಜಿ. ಜೂನ್ ಬಂತೆಂದರೆ ಶಾಲಾ ಮಕ್ಕಳ ಸಮವಸ್ತ್ರ, ರಾತ್ರಿಯೆಲ್ಲ ಮಷಿನ್ನಿನ ಸದ್ದು. ಆಗಸ್ಟ್ ಹೊತ್ತಿಗೆ ಎಲ್ಲಾ ಸ್ತಬ್ಧ. ಮನೆ ಕಟ್ಟಲು ಸಾಲ ಕೇಳಲು ಒಂದು ಬ್ಯಾಂಕಿಗೆ ಹೋಗಿದ್ದರಂತೆ, ಅಲ್ಲಿ ಪಗಾರ ಚೀಟಿ ಕೇಳಿದರು. ದರ್ಜಿಗೆಲ್ಲಿಯ ಪಗಾರ ಚೀಟಿ? ಆವತ್ತೇ ಚಿಂಚೋಳಿಯ ಅಂಚೆ ಕಚೇರಿಗೆ ಹೋಗಿ ಬಂದರು. ಅಂಚೆ ಕಚೇರಿಯವರು ಯಾರ ಪಗಾರವನ್ನೂ ಕೇಳುವುದಿಲ್ಲ ನೋಡಿ, ಅಲ್ಲಿ ಕೊಡುವವರು ನಾವೇ.

1996ರಲ್ಲಿ 10,000 ರೂಪಾಯಿಯ ರಾಷ್ಟ್ರೀಯ ಉಳಿತಾಯ ಪತ್ರ ತಂದರು. ನಾವೆಲ್ಲ ಎನ್‌ಎಸ್‌ಸಿ ಅಂತಿದ್ದೆವು. ಆಗ ನೂರಕ್ಕೆ 12 ಬಡ್ಡಿ, ಆರು ವರ್ಷದ ಅವಧಿ. 2002ರಲ್ಲಿ ಕೈಗೆ 20,150 ಬಂತು. ಜಾಗ ತಾತನದು ಇತ್ತು. ಆ ದುಡ್ಡಿನಲ್ಲಿ ಮೂರು ಕೋಣೆಗೆ ಬುನಾದಿ ಬಿತ್ತು, ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತು. ಆಮೇಲೆ ನಿಂತಿತು.

ನಿಮಗೆ ಗೊತ್ತಿರಬಹುದು, ಸಿಮೆಂಟು ತಯಾರಾಗೋದೇ ನಮ್ಮ ಜಿಲ್ಲೆಯಲ್ಲಿ. ವಾಡಿ, ಸೇಡಂ, ಮಳಖೇಡ ಎಲ್ಲ ಕಡೆ ಕಾರ್ಖಾನೆ. ಶಹಾಬಾದ್ ಕಲ್ಲು ನಿಮ್ಮ ಮನೆಯ ಅಂಗಳದಲ್ಲೂ ಇದ್ದೀತು. ಆದ್ರೂ ಅರ್ಧ ಗೋಡೆಯ ಮೇಲೆ ನಾಯಿ ಮಲಗುವುದು ತಪ್ಪಲಿಲ್ಲ.

2003ರಲ್ಲಿ ಹೊಲದ ಪಾಲು ಮಾರಿ 25,000 ಬಂತು. ಅಪ್ಪ 10,000ಕ್ಕೆ ಮತ್ತೆ ಎನ್‌ಎಸ್‌ಸಿ, 15,000ಕ್ಕೆ ಕಿಸಾನ್ ವಿಕಾಸ ಪತ್ರ ಕೊಂಡರು. ಜೂನಿನಲ್ಲಿ ತಿಂಗಳಿಗೆ 300ರ ಆರ್‌ಡಿ ತೆರೆದರು. ಆ ಹೊತ್ತಿಗೆ ಬಡ್ಡಿ ಇಳಿದುಬಿಟ್ಟಿತ್ತು. ಎನ್‌ಎಸ್‌ಸಿಗೆ 8, ಆರ್‌ಡಿಗೆ 7.5. ಮೊದಲು ಐದೂವರೆ ವರ್ಷಕ್ಕೆ ಎರಡರಷ್ಟಾಗುತ್ತಿದ್ದ ವಿಕಾಸ ಪತ್ರ ಈಗ ಎಂಟು ವರ್ಷ ಏಳು ತಿಂಗಳು ಕಾಯಿಸುತ್ತಿತ್ತು. "ಇಷ್ಟ ಕಮ್ಮಿ ಬಡ್ಡಿಗೆ ಯಾಕ ಇಡ್ತಿ?" ಅಂದರು ಓಣಿಯವರು. ಅಪ್ಪನದು ಒಂದೇ ಮಾತು: "ರೊಕ್ಕ ಕೈಯಾಗ ಇದ್ರ ನಂದಲ್ಲ. ಅಲ್ಲಿದ್ರ ನಂದು."

ಇದರ ಅರ್ಥ ನನಗೆ ದೊಡ್ಡವನಾದ ಮೇಲೆ ಆಯ್ತು. ದುಡ್ಡು ಮನೆಯಲ್ಲಿದ್ದರೆ ಯಾರೋ ಬಂದು ಕೈಗಡ ಕೇಳುತ್ತಾರೆ. ಇಲ್ಲ ಅನ್ನೋಕೆ ಅಪ್ಪನಿಗೆ ಬರಲ್ಲ. "ಪೋಸ್ಟಿನ್ಯಾಗ ಅದಪಾ" ಅಂದುಬಿಟ್ಟರೆ ಆಯ್ತು, ಸುಳ್ಳೂ ಅಲ್ಲ, ಸಂಬಂಧವೂ ಕೆಡಲ್ಲ. ನನ್ನ ಪ್ರಕಾರ ಅಂಚೆ ಕಚೇರಿ ನಮಗೆ ಕೊಟ್ಟಿದ್ದು ಬಡ್ಡಿಗಿಂತ ಹೆಚ್ಚಾಗಿ ಈ ಒಂದು ವಾಕ್ಯವನ್ನು.

ಆರ್‌ಡಿಯಲ್ಲಿ ಇನ್ನೊಂದು ಅನುಕೂಲ ಅಪ್ಪ ಕಂಡುಹಿಡಿದಿದ್ದರು. ಆರು ತಿಂಗಳ ಕಂತು ಒಟ್ಟಿಗೆ ಮುಂಗಡ ಕಟ್ಟಿದರೆ ರಿಯಾಯಿತಿ ಸಿಗುತ್ತಿತ್ತು. ಸಮವಸ್ತ್ರದ ದುಡ್ಡು ಕೈಗೆ ಬಂದ ಜೂನಿನಲ್ಲೇ 1,800 ಕಟ್ಟಿ 30 ರೂಪಾಯಿ ಉಳಿಸೋರು. ಆ 30ರಲ್ಲಿ ನಮಗೆ ಜಿಲೇಬಿ!

2008ರಲ್ಲಿ ಆರ್‌ಡಿ 21,867 ಆಗಿ ಬಂತು. ಎರಡು ಕೋಣೆಗೆ ಗೋಡೆ ಏರಿಸಿ, ಗರ್ಡರ್ ಹಾಕಿ, ಮೇಲೆ ಪರಸಿ ಕಲ್ಲು ಹೊದಿಸಿದ್ದಾಯ್ತು. 2009ರಲ್ಲಿ ಎನ್‌ಎಸ್‌ಸಿಯ 16,010ರಲ್ಲಿ ನೆಲ, ಗಿಲಾವು, ಮುಂಬಾಗಿಲು. ಹಿಂದಿನ ಸಲದಂತೆ 20,150 ಬಂದಿದ್ದರೆ ಅಡುಗೆಮನೆಗೂ ಬಾಗಿಲಾಗುತ್ತಿತ್ತು. ಅದು ಬರಲಿಲ್ಲವಾಗಿ ಅಪ್ಪ ಪ್ಯಾಂಟಿನ ಬಟ್ಟೆಯಲ್ಲಿ ಪರದೆ ಹೊಲಿದರು. ಎರಡು ವರ್ಷ ಆ ಪರದೆಯೇ ಬಾಗಿಲು. ಕಲ್ಲು ಹೊತ್ತದ್ದು, ಗೋಡೆಗೆ ನೀರು ಹೊಡೆದದ್ದು ಅಪ್ಪ, ಅವ್ವ, ಅಕ್ಕ, ನಾನು. ಗೌಂಡಿಗೆ ಮಾತ್ರ ಕೂಲಿ.

ಲೆಕ್ಕ ಹಾಕಿದೆ. ಕಟ್ಟಿದ್ದು 38,000, ಬಂದದ್ದು 58,027. ಮನೆ ಆಯ್ತು.

ಮತ್ತೆ ವಿಕಾಸ ಪತ್ರ? ಅದು ಮೂರನೇ ಕೋಣೆಯ ದುಡ್ಡು. 2011ರ ನವೆಂಬರಿನಲ್ಲಿ 30,000 ಆಗಬೇಕಿತ್ತು. 2006ರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರ ಪಟ್ಟಿ ಬಂತು. ಎರಡೂವರೆ ವರ್ಷ ದಾಟಿದ ಪತ್ರವನ್ನು ನಡುವೆಯೇ ಮುರಿಸಬಹುದಿತ್ತು, ಮುರಿಸಿದರು. ಯಾರು ಕೇಳಿದರೂ "ಪೋಸ್ಟಿನ್ಯಾಗ ಅದ" ಅಂದಿದ್ದ ಅಪ್ಪ ಆ ಒಂದು ಸಲ ಅನ್ನಲಿಲ್ಲ. ಬೀಗ ಇದ್ದೂ ಕೀಲಿ ಕೊಟ್ಟರು. ನಾವ್ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

2015ರಲ್ಲಿ ಅಕ್ಕ ವಾಪಸ್ ಬಂದಳು. ಒಂದು ಚೀಲ, ಒಂದು ಹೊಲಿಗೆ ಮಷಿನ್. ಏನಾಯ್ತು ಅಂತ ಇಲ್ಲಿ ಬರೆಯಲ್ಲ, ಅದು ಅವಳ ಮಾತು. ಅವಳು ಮಲಗಿದ್ದು ಪಡಸಾಲೆಯಲ್ಲಿ, ಎರಡು ಮಷಿನ್‌ಗಳ ನಡುವೆ. ಅತ್ತು ಮುಗಿಸೋದಕ್ಕೆ ಒಂದು ಬಾಗಿಲು ಬೇಕಲ್ಲ, ಅದಿರಲಿಲ್ಲ. ಕಿಟಕಿಯಾಚೆ ಸೊಂಟದೆತ್ತರದ ಗೋಡೆಗಳು, ನಡುವೆ ಜಾಲಿ ಗಿಡ. ಅವಳ ಮದುವೆಗೆ ಹೋದದ್ದು ಅದೇ ಕೋಣೆ.

ನಾನು ಸಾಲ ತೆಗೆದು ಕಟ್ಟಿಸಿಕೊಡ್ತೀನಿ ಅಂದೆ. ಈಗ ನನ್ನ ಹತ್ತಿರ ಪಗಾರ ಚೀಟಿ ಇದೆಯಲ್ಲ! ಅಕ್ಕ ಒಪ್ಪಲಿಲ್ಲ. "ನಿನ್ನ ರೊಕ್ಕದಾಗ ಆದ್ರ ಅದು ನಿನ್ನ ಕ್ವಾಣಿ ಆಗ್ತದ" ಅಂದಳು.

2020ರ ಜೂನಿನಲ್ಲಿ, ಎಲ್ಲರ ಕೆಲಸವೂ ನಿಂತಾಗ, ಅವಳಿಗೆ ಮಾಸ್ಕ್ ಹೊಲಿಯುವ ಕೆಲಸ ಸಿಕ್ಕಿತು. ಆ ದುಡ್ಡಿನಲ್ಲಿ ತಿಂಗಳಿಗೆ 1,000ದ ಆರ್‌ಡಿ ತೆರೆದಳು. ಬಡ್ಡಿ ಬರೀ 5.8. 2023ರಲ್ಲಿ ದರ ಏರಿತು, ಆದರೆ ಆರ್‌ಡಿಗೆ ತೆರೆದ ದಿನದ ದರವೇ ಕೊನೆತನಕ. 2025ರಲ್ಲಿ 69,697 ಬಂತು. ಸಾಲದ್ದಕ್ಕೆ ಹೊಲಿಗೆಯ ದುಡ್ಡು ಸೇರಿಸಿ ಗೋಡೆ ಏರಿಸಿದಳು, ಪರಸಿ ಹೊದಿಸಿದಳು. ಮೊದಲು ಕೂರಿಸಿದ್ದು ಬಾಗಿಲು. ಒಳಗಿನಿಂದ ಚಿಲಕ.

ಕೋಣೆ ನೋಡಿದ ರಾತ್ರಿ ಅಪ್ಪ ಟ್ರಂಕು ತೆಗೆದರು. ಹಳೆಯ ಪಾಸ್‌ಬುಕ್ಕುಗಳು, ಪತ್ರಗಳ ನಂಬರು ಬರೆದಿಟ್ಟ ಡೈರಿ. ಎಲ್ಲದರಲ್ಲೂ ಖಾತೆದಾರ ಅಪ್ಪ, ನಾಮಿನಿ ನಾನು. ಕಲ್ಲು ಹೊತ್ತವರಲ್ಲಿ ಇಬ್ಬರ ಹೆಸರು ಎಲ್ಲೂ ಇಲ್ಲ. ಇಷ್ಟು ವರ್ಷ ಬಡ್ಡಿ ಕಮ್ಮಿ ಆಯ್ತು, ಸಿಮೆಂಟು ದುಬಾರಿ ಆಯ್ತು ಅಂತ ಲೆಕ್ಕ ಹಾಕಿದವನು ನಾನು, ಈ ಎರಡು ಕಾಲಂ ಮಾತ್ರ ಓದಿರಲೇ ಇಲ್ಲ. ವಿಕಾಸ ಪತ್ರ ಅಕ್ಕನ ಹೆಸರಿನಲ್ಲೇ ಇದ್ದಿದ್ದರೆ, ಮುರಿಸೋ ಮುಂಚೆ ಅವಳ ಸಹಿ ಬೇಕಾಗುತ್ತಿತ್ತಲ್ಲ... ಅವಳು ಹಾಕುತ್ತಿದ್ದಳೋ ಏನೋ. ಕೇಳಬೇಕಂತೂ ಆಗುತ್ತಿತ್ತು.

ಅಕ್ಕ ಈಗ ಇನ್ನೊಂದು ಆರ್‌ಡಿ ತೆರೆದಿದ್ದಾಳೆ. ಯಾತಕ್ಕೆ ಅಂದರೆ ಹೇಳಲ್ಲ. ಪಾಸ್‌ಬುಕ್ ಇಸಕೊಂಡು ನೋಡಿದೆ. ನಾಮಿನಿ ಕಾಲಂನಲ್ಲಿ ಅವ್ವನ ಹೆಸರು.

ನಿಮ್ಮ ಮನೆಯ ಪಾಸ್‌ಬುಕ್ಕುಗಳಲ್ಲಿ ಯಾರ ಹೆಸರಿದೆ? ಒಮ್ಮೆ ತೆಗೆದು ನೋಡಿ.