ಚೇಳಿನ ವಿಷವೂ ಹೃದಯವೂ

ಹುಲಿಕುಂಟೆಯವರಾದ ನಮಗೆ ಸಮುದ್ರವು ಭೂಗೋಳದ ಪಾಠದಲ್ಲಿ ಮಾತ್ರ ಪರಿಚಿತವಾಗಿದ್ದಿತು. ಆಸ್ಟ್ರೇಲಿಯದ ಉತ್ತರ ಕರಾವಳಿಯಲ್ಲಿ ಪೆಟ್ಟಿಗೆಯಾಕಾರದ ಜೆಲ್ಲಿ ಮೀನೊಂದುಂಟೆಂದೂ, ಅದರ ವಿಷವು ಜೀವಕೋಶಗಳ ಪೊರೆಯಲ್ಲಿ ರಂಧ್ರಗಳನ್ನು ಕೊರೆದು ಕೆಲವೇ ನಿಮಿಷಗಳಲ್ಲಿ ಹೃದಯವನ್ನು ನಿಲ್ಲಿಸಬಲ್ಲುದೆಂದೂ ಓದಿದಾಗ, ನಮಗೆ ನೆನಪಾದುದು ನಮ್ಮ ನಾಡಿನ ಕೆಂಪು ಚೇಳು. ಇದರ ವಿಷವು ಬೇರೆ ದಾರಿಯಿಂದ ಹೋಗಿ ಅದೇ ಹೃದಯವನ್ನು ಹಿಡಿಯುವುದು.

ಶಿರಾ, ಮಧುಗಿರಿ, ಪಾವಗಡಗಳ ಬಯಲುಸೀಮೆಯಲ್ಲಿ ಬೆಳೆದವರಿಗೆ ಚೇಳಿನ ವಾಸಸ್ಥಾನವನ್ನು ವರ್ಣಿಸಬೇಕಾದುದಿಲ್ಲ. ಕಲ್ಲುಗುಡ್ಡೆ, ಸೌದೆಯ ಒಟ್ಟು, ಗೋಡೆಯ ಬಿರುಕು ಎಲ್ಲವೂ ಅದರ ಮನೆಯೇ. ಜನರು ದೊಡ್ಡ ಕರಿಚೇಳಿಗೆ ಹೆಚ್ಚು ಅಂಜುವರು. ಆದರೆ ಸಣ್ಣ ಕೆಂಪು ಚೇಳೇ ಹೆಚ್ಚು ಅಪಾಯಕಾರಿ. ನಮ್ಮ ಬಾಲ್ಯದಲ್ಲಿ ಯಾರಿಗಾದರೂ ಚೇಳು ಕುಟುಕಿದರೆ, "ಉರಿ ಎಲ್ಲಿಯವರೆಗೆ ಏರಿತು?" ಎಂದು ಹಿರಿಯರು ಮೊದಲು ಕೇಳುತ್ತಿದ್ದರು. ಮಂತ್ರಿಸುವವರು ಬೇವಿನ ಸೊಪ್ಪಿನಿಂದ ನೀವಿ ವಿಷವನ್ನಿಳಿಸುತ್ತಿದ್ದರು. ಬಹುಮಂದಿಗೆ ನೋವು ತಾನಾಗಿಯೇ ಶಮನವಾಗುತ್ತಿದ್ದುದರಿಂದ, ಉರಿಯಿಳಿದರೆ ವಿಷವೂ ಇಳಿಯಿತೆಂಬ ನಂಬಿಕೆಯು ಬೇರೂರಿತು. ಆದರೆ ಕುಟುಕಿದ ಕಡೆ ಉರಿ ಅಲ್ಪವಾಗಿದ್ದೂ ಒಳಗೆ ಅಪಾಯವು ಬೆಳೆಯುವುದುಂಟು.

ಈ ವಿಷವು ನರಗಳಲ್ಲಿ ಸೋಡಿಯಂ ಒಳಬರುವ ಸೂಕ್ಷ್ಮ ದ್ವಾರಗಳನ್ನು ಮುಚ್ಚಗೊಡದು. ನರಗಳು ಎಡೆಬಿಡದೆ ಉದ್ರೇಕಗೊಂಡು, ಅಡ್ರಿನಲಿನ್ ಮೊದಲಾದ ದ್ರವ್ಯಗಳು ರಕ್ತದಲ್ಲಿ ಉಕ್ಕುವುವು. ರಕ್ತನಾಳಗಳು ಬಿಗಿಯುವುವು. ಆ ಬಿಗಿತಕ್ಕೆದುರಾಗಿ ದುಡಿದು ದುಡಿದು ಹೃದಯವು ಬಳಲುವುದು. ಕಡೆಗೆ ಶ್ವಾಸಕೋಶಗಳಲ್ಲಿ ನೀರು ತುಂಬುವುದು. ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲು, ಇವು ಮುನ್ಸೂಚನೆಗಳು. ಮಕ್ಕಳಿಗೆ ಗಂಡಾಂತರವು ಹೆಚ್ಚು.

ಮಹಾರಾಷ್ಟ್ರದ ಮಹಾಡಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಹಳ್ಳಿಯ ರೋಗಿಗಳ ಬಳಿಯಲ್ಲಿದ್ದು ಈ ಲಕ್ಷಣಗಳನ್ನು ಗುರುತಿಸಿ, 1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಿಕ, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಜೋಸಿನ್ ಎಂಬ ಅಗ್ಗದ ಗುಳಿಗೆಯನ್ನು ಕೊಟ್ಟು ನೋಡಿದರು. ವಿಷವೇರಿದವರಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 1ರ ಸಮೀಪಕ್ಕೆ ಇಳಿಯಿತು. ಗುಳಿಗೆಯೊಡನೆ ಪ್ರತಿವಿಷವನ್ನೂ ಕೊಟ್ಟರೆ ರೋಗಿಯು ಬೇಗನೆ ಚೇತರಿಸಿಕೊಳ್ಳುವನೆಂದು 2011ರಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಮಂತ್ರಿಸುವ ವೃದ್ಧರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಡುರಾತ್ರಿಯಲ್ಲಿ ಕರೆದರೂ ಅವರು ಎದ್ದು ಬರುತ್ತಿದ್ದರು. ಆದರೆ ಅವರಿಗಾಗಿ ಕಾಯುತ್ತ ಕಳೆಯುವ ಒಂದೆರಡು ಗಂಟೆಗಳೇ ಹೃದಯವನ್ನು ಉಳಿಸಿಕೊಳ್ಳಬೇಕಾದ ಸಮಯ. ಆದುದರಿಂದ ತಾಯಂದಿರಲ್ಲಿಯೂ, ನಮ್ಮೊಡನೆ ಓದಿ ಈಗ ಗೃಹಿಣಿಯರಾಗಿರುವ ಸೋದರಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ಮಗುವನ್ನು ಚೇಳು ಕುಟುಕಿದರೆ ಉರಿಯ ಏರಿಳಿತವನ್ನು ನೋಡುತ್ತ ಕೂಡದೆ, 108ಕ್ಕೆ ತಿಳಿಸಿ, ಒಡನೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.